ಹಲಗೆಯ ಎಡತುದಿಯ ಖಾಲಿ ಜಾಗ

ನಮಗೆ ಎಂ.ಎಸ್‌ಸಿ.ಯಲ್ಲಿ ಫಂಕ್ಷನಲ್ ಅನಾಲಿಸಿಸ್ ಕಲಿಸಿದ ಮೇಷ್ಟ್ರು ಚಾಮರಾಜಪೇಟೆಯ ರಾಮನವಮಿ ಕಛೇರಿಗಳನ್ನು ತಪ್ಪಿಸಿಕೊಂಡವರಲ್ಲ. ಅಂಥದೊಂದು ಕಛೇರಿಯ ಮರುದಿನ ಅವರು ಮೇಜಿನ ಮೇಲೆ ಬಲಗೈಯಲ್ಲಿ ಎಂಟಕ್ಷರದ ಆದಿತಾಳವನ್ನೂ ಎಡಗೈಯಲ್ಲಿ ಏಳಕ್ಷರದ ಮಿಶ್ರಛಾಪನ್ನೂ ಒಟ್ಟಿಗೆ ಹಾಕುತ್ತಾ ಹೋಗಿ, 56 ಅಕ್ಷರ ಮುಗಿದು ಎರಡೂ ಸಮಕ್ಕೆ ಬಂದಾಗ ಕೈ ನಿಲ್ಲಿಸಿ, ‘ಎರಡರ ಅಳತೆಗಳ ಅನುಪಾತ 2ರ ವರ್ಗಮೂಲವಾಗಿದ್ದರೆ?’ ಎಂದು ಕೇಳಿದರು. ಆಗ ಅವು ಮತ್ತೆಂದೂ ಕೂಡುವುದಿಲ್ಲ. ಅಂಥ ಎರಡು ಕೊಸೈನ್‌ಗಳನ್ನು ಕೂಡಿಸಿದರೆ ಮೊದಲ ಕ್ಷಣದಲ್ಲಿ ಬರುವ ಮೊತ್ತ 2. ನಿಧಾನದ ಕೊಸೈನ್ 12 ಸುತ್ತು ಮುಗಿಸಿದಾಗ ಸುಮಾರು 1.98, 29 ಸುತ್ತಿಗೆ 1.997, ಆದರೆ 2 ಮಾತ್ರ ಇನ್ನೆಂದೂ ಬಾರದು.

ಎಷ್ಟೇ ಸಣ್ಣ ವ್ಯತ್ಯಾಸವನ್ನು ಷರತ್ತಾಗಿಟ್ಟರೂ ಆ ಮಿತಿಯೊಳಗೆ ಮರುಕಳಿಸುವ ಸ್ಥಾನಗಳು ದೊಡ್ಡ ಅಂತರಗಳಿಲ್ಲದೆ ಸಿಗುತ್ತಲೇ ಇರುವ ಇಂಥ ‘ಬಹುತೇಕ ಆವರ್ತಕ’ (almost periodic) ಫಲನಗಳ ಸಿದ್ಧಾಂತವನ್ನು 1920ರ ದಶಕದಲ್ಲಿ ಕಟ್ಟಿದವರು, 1908ರ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ತಂಡದಲ್ಲಿ ಬೆಳ್ಳಿ ಪದಕ ಗೆದ್ದಿದ್ದ ಹೆರಾಲ್ಡ್ ಬೋರ್.

ಕೊನೆಯ ಸೆಮಿಸ್ಟರಿನ ಸೆಮಿನಾರಿನಲ್ಲಿ ನಾನು ಇಂಥ ಫಲನಗಳಿಂದ ಹುಟ್ಟುವ ವೀನರ್–ಹಾಪ್ ಆಪರೇಟರ್‌ಗಳ ಇಂಡೆಕ್ಸ್ ಕುರಿತು ಮಾತನಾಡಬೇಕಿತ್ತು. ಆಪರೇಟರ್ ಎಂದರೆ ಒಂದು ಫಲನವನ್ನು ಮತ್ತೊಂದಾಗಿಸುವ ಕ್ರಿಯೆ; ಅದು ಸೊನ್ನೆಗಿಳಿಸುವ ಸ್ವತಂತ್ರ ಫಲನಗಳ ಎಣಿಕೆಯಿಂದ, ಅದರ ಫಲಿತಗಳಲ್ಲಿ ಸಿಗದೆ ಉಳಿಯುವವುಗಳ ಎಣಿಕೆಯನ್ನು ಕಳೆದರೆ ಬರುವುದೇ ಇಂಡೆಕ್ಸ್. ಸೊನ್ನೆಯಿಂದ ಬಲಕ್ಕೆ ಚಾಚಿದ ಅರ್ಧರೇಖೆಯ ಮೇಲಿನ ಪ್ರತಿ ಫಲನವನ್ನೂ ಲ್ಯಾಂಬ್ಡಾ ಎಂಬ ಒಂದು ಉದ್ದದಷ್ಟು ಬಲಕ್ಕೆ ಸರಿಸುವ ಆಪರೇಟರನ್ನು ತೆಗೆದುಕೊಂಡು, ಎಡತುದಿಯಲ್ಲಿ ತೆರವಾದ ತುಂಡಿನ ಮೇಲೆ ಅನಂತ ಸ್ವತಂತ್ರ ಫಲನಗಳು ಹಿಡಿಸುವುದರಿಂದ ಇಂಡೆಕ್ಸ್ ಋಣ ಅನಂತವಾಗುತ್ತದೆ, ಇಲ್ಲಿಗೆ ಸಿದ್ಧಾಂತ ಮುಗಿಯಿತು ಎಂದು ಬರೆದು ನಿಲ್ಲಿಸಿದೆ. ಇಂಡೆಕ್ಸ್ ಎಂದರೆ ಪೂರ್ಣಾಂಕವೇ ಆಗಿರಬೇಕೆಂಬ ನಂಬಿಕೆ ನನ್ನಲ್ಲಿ ಅಷ್ಟು ಬೇರೂರಿತ್ತು. ಮೇಷ್ಟ್ರು ಎದ್ದು ಬಂದರು. ನಾನೆಳೆದಿದ್ದ ಗೆರೆಯ ಎಡತುದಿಯ ಸೀಮೆಸುಣ್ಣವನ್ನು ಹೆಬ್ಬೆರಳಿನಿಂದ ಒಂದು ಗೇಣಿನಷ್ಟು ಒರೆಸಿದರು. ಆ ಖಾಲಿ ಜಾಗಕ್ಕೆ ಮರದ ಸ್ಕೇಲನ್ನು ಹಿಡಿದು, ‘ಎಣಿಸಲು ಬರದಿದ್ದರೇನಂತೆ, ಅಳೆಯಬಹುದಲ್ಲ’ ಎಂದರು.

ಆ ಅಳತೆಗೆ ಬೇಕಾದ, ಭಿನ್ನರಾಶಿಯನ್ನೂ ಅಭಾಗಲಬ್ಧವನ್ನೂ ಒಪ್ಪುವ ಆಯಾಮದ (ಸ್ವತಂತ್ರ ಫಲನಗಳ ಎಣಿಕೆಯ) ಕಲ್ಪನೆಯನ್ನು ಗಣಿತಜ್ಞರಾದ ಮರ್ರಿ ಮತ್ತು ಫಾನ್ ನಾಯ್ಮನ್ 1930ರ ದಶಕದಲ್ಲೇ ಕೊಟ್ಟಿದ್ದರು. ಅದರ ಆಧಾರದ ಮೇಲೆ ಕೋಬರ್ನ್, ಡಗ್ಲಾಸ್, ಶೇಫರ್ ಮತ್ತು ಸಿಂಗರ್ 1971ರಲ್ಲಿ ತೋರಿಸಿದ ಫಲಿತಾಂಶ ನನಗೆ ಇಂದಿಗೂ ಈ ವಿಷಯದ ಅತ್ಯಂತ ಸುಂದರವಾದ ಭಾಗ. ಫಲನದ ಬೆಲೆ, ಅಂದರೆ ಸಮತಲದ ಮೇಲಿನ ಬಿಂದುವಾಗಿ ಕಾಣುವ ಸಂಮಿಶ್ರ ಸಂಖ್ಯೆ, ಸೊನ್ನೆಯ ಸಮೀಪಕ್ಕೆ ಎಲ್ಲಿಯೂ ಬಾರದಿದ್ದರೆ ಅದರ ಕೋನ ಒಂದು ನಿಶ್ಚಿತ ಸರಾಸರಿ ವೇಗದಲ್ಲಿ ಸುತ್ತುತ್ತದೆಂದು ಬೋರ್ ಸಾಧಿಸಿದ್ದರು. ಆ ವೇಗದ ಚಿಹ್ನೆ ಬದಲಿಸಿದರೆ ಆಪರೇಟರಿನ ಇಂಡೆಕ್ಸ್ ಸಿಗುತ್ತದೆ. ಸರಿಸುವ ಆಪರೇಟರಿಗೆ ಅದು ಋಣ ಲ್ಯಾಂಬ್ಡಾ, ಅಂದರೆ ಋಣ ಚಿಹ್ನೆಯೊಂದಿಗೆ ಮೇಷ್ಟ್ರು ಒರೆಸಿದ ಜಾಗದ ಉದ್ದವೇ.

ಹಾಗಾದರೆ ಇಂಡೆಕ್ಸ್ ಯಾವ ವಾಸ್ತವ ಸಂಖ್ಯೆಯಾದರೂ ಆಗಬಹುದೇ ಎಂದು ಕೇಳಿದೆ. ಮೇಷ್ಟ್ರು ಮತ್ತೆ ಮೇಜಿನ ಮೇಲೆ ಎರಡೂ ಕೈಯಿಟ್ಟರು. ಫಲನದಲ್ಲಿರುವ ಆವೃತ್ತಿಗಳು 1 ಮತ್ತು 2ರ ವರ್ಗಮೂಲ ಮಾತ್ರವಾದರೆ, ಇಂಡೆಕ್ಸ್ ಕೂಡ ಇಷ್ಟು ಸಲ 1, ಇಷ್ಟು ಸಲ 2ರ ವರ್ಗಮೂಲ ಎಂದೇ ಬರಬೇಕು; ನಾನು ಕಳೆದುಹೋಯಿತೆಂದುಕೊಂಡಿದ್ದ ಪೂರ್ಣಾಂಕ ಅಲ್ಲಿ ಒಂದಲ್ಲ, ಎರಡಾಗಿ ಕೂತಿತ್ತು, ಒಂದೊಂದು ತಾಳಕ್ಕೆ ಒಂದೊಂದು.