ಆಂಟಿ, ನೀರು ಕೆಂಪಗಿದೆಯಾ?

“ನೀರು ತಿಳಿಯಾಗಿದೆಯಾ ಆಂಟಿ, ಕೆಂಪಗಿದೆಯಾ?” ಎಂದು ನಮ್ಮ ಮೊದಲ ವರ್ಷದ ಹುಡುಗನೊಬ್ಬ ಈ ವಾರ ಕೇಳಿದ ಪ್ರಶ್ನೆ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಮನಃಶಾಸ್ತ್ರ ಎಂ.ಎ. ಓದುವ ನೂರರ ಆಸುಪಾಸು ವಿದ್ಯಾರ್ಥಿಗಳಿರುವ ನಮ್ಮ ವಾಟ್ಸ್‌ಆ್ಯಪ್ ಬಳಗದಲ್ಲಿ ಆ ರಾತ್ರಿ, ಮಳೆ ಜೋರಾದರೆ ನಿದ್ದೆ ಬರುವುದಿಲ್ಲವೆಂದ ತಾಯಿಯೊಬ್ಬರಿಗೆ, ಉತ್ತರಗಳಿಗೇನೂ ಬರವಿರಲಿಲ್ಲ. ಅವುಗಳಲ್ಲಿ ನಮ್ಮ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಮಾತೆಂದರೆ ಇದೊಂದೇ, ಆ ತಾಯಿ ಎದ್ದು ಹೋಗಿ ನೋಡಿ ಬಂದು ಮರುನುಡಿದ ಮಾತೂ ಇದೊಂದೇ.

2020ರ ಲಾಕ್‌ಡೌನಿನಲ್ಲಿ ತರಗತಿಗಳು ಫೋನಿಗೆ ಬಂದಾಗ ಆಗಿನ ಹಿರಿಯರು ಕಟ್ಟಿದ ಬಳಗವಿದು. ಅಧ್ಯಾಪಕರು ಇದರಲ್ಲಿಲ್ಲ, ಪ್ರತಿ ವರ್ಷವೂ ಎರಡನೆಯ ವರ್ಷದವರು ನೋಡಿಕೊಳ್ಳುತ್ತಾರೆ, ಈ ಸಲ ಆ ಕೆಲಸ ನನ್ನ ಮತ್ತು ನನ್ನ ಗೆಳತಿಯ ಪಾಲಿಗೆ ಬಂದಿದೆ. ಹಳೆಯ ಪ್ರಶ್ನೆಪತ್ರಿಕೆಗಳು, ಟಿಪ್ಪಣಿಗಳು, ಫಲಿತಾಂಶ ಲೆಕ್ಕಕ್ಕೆ ಬರಲು 0.05ಕ್ಕಿಂತ ಕಡಿಮೆ ಇರಬೇಕಾದ ಪಿ ಮೌಲ್ಯ 0.06 ಬಂತೆಂದು ನಡುರಾತ್ರಿಯಲ್ಲಿ ಗೋಳಾಡುವವರಿಗೆ ಸಮಾಧಾನ, ಇವೆಲ್ಲ ಇಲ್ಲಿ ನಡೆಯುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದು ಡಿಸರ್ಟೇಷನ್ನಿಗೆ, ಅಂದರೆ ಸಂಶೋಧನಾ ಪ್ರಬಂಧಕ್ಕೆ, ಗೂಗಲ್ ಫಾರ್ಮ್ ತುಂಬಿಸಿಕೊಳ್ಳುವ ಕೆಲಸ. ಎಲ್ಲರ ಫಾರ್ಮನ್ನೂ ಎಲ್ಲರೂ ತುಂಬುವುದರಿಂದ ನಮ್ಮ ವಿಭಾಗದ ಸಂಶೋಧನೆಗಳೆಲ್ಲ ಅದೇ ಹುಡುಗ ಹುಡುಗಿಯರ ಅಂದಂದಿನ ಮನಸ್ಥಿತಿಯ ಮೇಲೆ ನಿಂತಿವೆ ಎಂದರೆ ತಪ್ಪಾಗಲಾರದು. ಪ್ರಮುಖ ಮನಃಶಾಸ್ತ್ರ ಪತ್ರಿಕೆಗಳಲ್ಲಿ ಅಧ್ಯಯನಕ್ಕೆ ಒಳಗಾದವರಲ್ಲಿ ಶೇಕಡ 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರೆಂದು ಜೆಫ್ರಿ ಆರ್ನೆಟ್ 2008ರಲ್ಲಿ ಲೆಕ್ಕ ಹಾಕಿ ತೋರಿಸಿದ್ದನ್ನು ನಾವು ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆದು, ಹೊರಗೆ ಬಂದೊಡನೆ ನಮ್ಮ ಫಾರ್ಮನ್ನು ಮತ್ತೆ ನಮ್ಮವರಿಗೇ ಕಳಿಸುತ್ತೇವೆ.

ಬಳಗಕ್ಕೆ ಇರುವುದು ಒಂದೇ ಕಟ್ಟುನಿಟ್ಟಿನ ನಿಯಮ: ಯಾರೂ ಯಾರಿಗೂ ಕಾಯಿಲೆಯ ಹೆಸರು ಹೇಳಬಾರದು. ಅಬ್ನಾರ್ಮಲ್ ಸೈಕಾಲಜಿಯ, ಅಂದರೆ ಮನೋರೋಗಗಳ, ಪಾಠ ಶುರುವಾದ ತಿಂಗಳಿನಲ್ಲಿ ಎಲ್ಲರಿಗೂ ಎಲ್ಲ ಕಾಯಿಲೆಗಳೂ ಇರುವುದರಿಂದ ಹಿರಿಯರು ಈ ನಿಯಮ ಮಾಡಿದ್ದಿರಬೇಕು.

ರೆಡ್ ಅಲರ್ಟ್ ಇದ್ದು, ಜಿಲ್ಲಾಡಳಿತ ಶಾಲೆಗಳಿಗೆ ಮಳೆ ರಜೆ ಕೊಟ್ಟು, ನಾವು ಕೊಡಗಿನವರೆಲ್ಲ ಮನೆ ಸೇರಿದ್ದ ದಿನ ಅದು. ರಾತ್ರಿ ಊಟದ ಹೊತ್ತಿಗೆ ಮೊದಲ ವರ್ಷದ ಹುಡುಗಿಯೊಬ್ಬಳ ನಂಬರಿನಿಂದ ಬಳಗಕ್ಕೆ ಒಂದು ವಾಯ್ಸ್ ಮೆಸೇಜ್ ಬಂತು. ಧ್ವನಿ ಅವಳದಲ್ಲ, ಅವಳ ತಾಯಿಯದು. “ಮಕ್ಕಳೇ, ನಾನು ಇವಳ ಅಮ್ಮ ಮಾತಾಡ್ತಾ ಇರೋದು. ನೀವೆಲ್ಲ ಮನಸ್ಸಿನ ವಿಷಯ ಓದೋರು ಅಂತ ಇವಳು ಹೇಳ್ತಾಳೆ. ನನಗೆ ಮಳೆ ಜೋರಾದ್ರೆ ನಿದ್ದೆ ಬರೋದಿಲ್ಲ. ಆ ವರ್ಷದಿಂದ ಹೀಗೇ. ಕಣ್ಣು ಮುಚ್ಚಿದ್ರೆ ಮನೆ ಹಿಂದಿನ ಬರೆ ಬಂದ ಹಾಗೆ ಆಗ್ತದೆ. ಇದಕ್ಕೆ ಏನಾದ್ರೂ ಉಂಟಾ?” ಬರೆ ಎಂದರೆ ಗುಡ್ಡ ಕಡಿದಾಗ ಉಳಿಯುವ ನೆಟ್ಟಗಿನ ಮಣ್ಣಿನ ಗೋಡೆ. ಅವರ ಮನೆ ಮಡಿಕೇರಿಗೂ ಮಾದಾಪುರಕ್ಕೂ ನಡುವಿನ ಒಂದೂರಿನಲ್ಲಿದೆ. ಆ ಸೀಮೆಯವರು ‘ಆ ವರ್ಷ’ ಎಂದರೆ ಅದು ಯಾವುದೆಂದು ಕೊಡಗಿನಲ್ಲಿ ಯಾರೂ ಕೇಳುವುದಿಲ್ಲ, ಅದು ಗುಡ್ಡಗಳು ಕುಸಿದ 2018.

ಕೂಡಲೇ ಆ ಹುಡುಗಿ ನನಗೆ ಕರೆ ಮಾಡಿ, “ಅಕ್ಕಾ, ಅಮ್ಮ ನನಗೆ ಹೇಳದೆ ಕಳಿಸಿಬಿಟ್ಟಿದ್ದಾರೆ, ನೀವು ಅಡ್ಮಿನ್ ಅಲ್ವಾ, ದಯವಿಟ್ಟು ತೆಗೆದುಬಿಡಿ” ಎಂದು ಅಳುವ ಧ್ವನಿಯಲ್ಲಿ ಹೇಳಿದಳು. ತೆಗೆಯಲು ನನಗೆ ಮನಸ್ಸಾಗಲಿಲ್ಲ. ಇಷ್ಟು ದೊಡ್ಡ ಬಳಗದಲ್ಲಿ ಅಂದಿನವರೆಗೂ ನಿಜವಾದ ಪ್ರಶ್ನೆಯೆಂದು ಯಾರಾದರೂ ಕೇಳಿದ್ದರೆ ಅದು ಇದೇ ಎಂದು ನನಗೆ ಅನಿಸಿತ್ತು.

ಮೊದಲು ನೆಲೆಸಿದ್ದು ಮೌನ. ಕೇಳಿಸಿಕೊಂಡವರ ಹೆಸರುಗಳು ಒಂದೊಂದಾಗಿ ಏರುತ್ತಿದ್ದುದು ಕಾಣುತ್ತಿತ್ತು, ಮಾತು ಮಾತ್ರ ಬರಲಿಲ್ಲ. ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಮ್ಮವರೇ ಸೆಮಿನಾರಿನಲ್ಲಿ ಸೊಗಸಾಗಿ ವಿವರಿಸಿದ್ದರು: ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಸದ್ದನ್ನು ತಾವೊಬ್ಬರೇ ಕೇಳುತ್ತಿದ್ದೇವೆ ಎಂದುಕೊಂಡವರಲ್ಲಿ ಶೇಕಡ 85 ಮಂದಿ ಆ ಸದ್ದು ನಿಲ್ಲುವ ಮೊದಲೇ ನೆರವು ಕರೆಯಲು ಎದ್ದಿದ್ದರೆ, ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇಕಡ 31 ಮಾತ್ರ. ಇಲ್ಲಿ ಕೇಳುತ್ತಿದ್ದವರು ನೂರು ಮಂದಿ, ಅದೂ ಆ ಪ್ರಯೋಗವನ್ನು ಬಲ್ಲವರು.

ಆಮೇಲೆ ಒಮ್ಮೆಗೇ ಎಲ್ಲರೂ ಮಾತಾಡಿದರು. ಕೈಮುಗಿದ ಎಮೋಜಿಗಳು ಬಂದವು. ಬೆಂಗಳೂರಿನ ಹುಡುಗಿಯೊಬ್ಬಳು ಉಸಿರಾಟದ ವ್ಯಾಯಾಮದ ವಿಡಿಯೊ ಹಾಕಿದಳು. ಚಾಮರಾಜನಗರದ ಕಡೆಯ ನಮ್ಮ ಸಹಪಾಠಿ, ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿಕೊಂಡವನು, ಆಘಾತೋತ್ತರ ಒತ್ತಡದ ಕಾಯಿಲೆಗೆ ಮನೋರೋಗಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಹೇಳುವ ಲಕ್ಷಣಗಳ ಪುಟವನ್ನೇ ಹಾಕಿ, ಜೊತೆಗೆ ಆಘಾತದ ಪರಿಣಾಮವನ್ನು ಅಳೆಯುವ, 22 ಪ್ರಶ್ನೆಗಳ ಪರಿಷ್ಕೃತ ಇಂಪ್ಯಾಕ್ಟ್ ಆಫ್ ಇವೆಂಟ್ ಸ್ಕೇಲಿನ ಇಂಗ್ಲಿಷ್ ಪ್ರತಿಯೊಂದನ್ನು ಕಳಿಸಿ, “ಆಂಟಿಗೆ ಇದನ್ನು ತುಂಬಲು ಹೇಳಿ, ಸ್ಕೋರ್ ಮಾಡಿಕೊಡುತ್ತೇನೆ” ಎಂದ. ನಮ್ಮ ಒಂದೇ ಒಂದು ನಿಯಮ ಹೀಗೆ ಮುರಿದು ಬಿತ್ತು. ಇನ್ನೊಬ್ಬಳು ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆ ಕೊಟ್ಟಳು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. 2022ರಲ್ಲಿ ಶುರುವಾದ ಆ ವ್ಯವಸ್ಥೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿಯೂ ಮಾತಾಡುವವರಿದ್ದಾರೆ, ಅದು ಕೊಡಬೇಕಾದ ಸಂಖ್ಯೆಯೇ.

ಈ ಎಲ್ಲದರ ನಡುವೆ ಜಂಬೂರಿನ ಹುಡುಗ, ಬಳಗದಲ್ಲಿ ಅಂದಿನವರೆಗೆ ‘ಥ್ಯಾಂಕ್ಸ್’ ಬಿಟ್ಟರೆ ಬೇರೇನನ್ನೂ ಬರೆಯದವನು, ಒಂದು ಸಣ್ಣ ವಾಯ್ಸ್ ಮೆಸೇಜ್ ಹಾಕಿದ.

“ಆಂಟಿ, ಈಗ ನಿಮ್ಮಲ್ಲಿ ಮಳೆ ಹೇಗುಂಟು?”

“ಜೋರುಂಟು ಮಗ. ಬರೆಯಿಂದ ನೀರು ಇಳಿಯೋ ಸದ್ದು ಅಡುಗೆ ಕೋಣೆಗೆ ಕೇಳ್ತದೆ.”

“ನೀರು ತಿಳಿಯಾಗಿದೆಯಾ ಆಂಟಿ, ಕೆಂಪಗಿದೆಯಾ?”

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಫೋಟೊ ಬಂತು: ಟಾರ್ಚಿನ ಬೆಳಕಿನಲ್ಲಿ, ಪಾಚಿ ಕಟ್ಟಿದ ಜಂಬಿಟ್ಟಿಗೆಯ ಗೋಡೆಯ ಬುಡ, ಅದಕ್ಕೆ ಒತ್ತಿಕೊಂಡಂತೆ ಕೆಸುವಿನ ಎಲೆಗಳು, ಅವುಗಳ ಕೆಳಗೆ ಚರಂಡಿಯಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿಯಾಗಿ ಹರಿಯುತ್ತಿದ್ದ ನೀರು. ಫೋಟೊದ ಅಂಚಿನಲ್ಲಿ ಅವರ ಕೊಡೆಯ ಒಂದು ಕಡ್ಡಿಯೂ ಬಂದಿತ್ತು.

“ತಿಳಿಯೇ ಉಂಟು ಮಗ.”

“ಸರಿ ಆಂಟಿ. ಇವತ್ತು ಹಿಂದಿನ ಕೋಣೆಯಲ್ಲಿ ಯಾರೂ ಮಲಗಬೇಡಿ, ಮುಂದಿನ ಹಾಲ್‌ನಲ್ಲಿ ಮಲಗಿ. ನೀರು ಕೆಂಪಾದ್ರೆ, ಇಲ್ಲಾಂದ್ರೆ ಹರಿಯೋದು ಇದ್ದಕ್ಕಿದ್ದ ಹಾಗೆ ನಿಂತ್ರೆ, ಯಾರನ್ನೂ ಕೇಳಬೇಡಿ, ಹೊರಟುಬಿಡಿ. ಬೆಳಿಗ್ಗೆ ನಾನು ಫೋನ್ ಮಾಡ್ತೇನೆ.”

ಆಕೆ “ಆಯ್ತು ಮಗ” ಎಂದದ್ದನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಮೊದಲ ಮೆಸೇಜಿನ ಧ್ವನಿಗೂ ಇದಕ್ಕೂ ಇದ್ದ ಅಂತರವನ್ನು ಅಳೆಯುವ ಸ್ಕೇಲ್ ನನ್ನ ಬಳಿ ಇಲ್ಲ, ಕಿವಿಗೆ ಮಾತ್ರ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಮರುದಿನ ಬಳಗದಲ್ಲಿ ಜಗಳ. ಚಾಮರಾಜನಗರದವನು, “ನಾವು ಕೌನ್ಸೆಲರ್ ಆಗಬೇಕಾದವರು, ಭೂವಿಜ್ಞಾನಿಗಳಲ್ಲ. ನೀರು ತಿಳಿಯಾಗಿದ್ದರೆ ಬರೆ ಕುಸಿಯುವುದಿಲ್ಲ ಎಂದು ಅವನಿಗೆ ಹೇಳಿದವರು ಯಾರು? ಏನಾದರೂ ಆಗಿದ್ದರೆ?” ಎಂದು ಉದ್ದಕ್ಕೆ ಬರೆದ. ಅವನ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿದದ್ದು ಇದನ್ನು ಓದಿದಾಗ, ಏಕೆಂದರೆ ಮಾತು ಸರಿಯಾಗಿಯೇ ಇತ್ತು. ಮಣ್ಣು ಕಲೆತ ನೀರು ಅಪಾಯದ ಸೂಚನೆಗಳಲ್ಲಿ ಒಂದು ಎಂಬುದು ನಿಜ, ಅದು ಕಾಣಲಿಲ್ಲವೆಂದ ಮಾತ್ರಕ್ಕೆ ಗುಡ್ಡ ಗಟ್ಟಿಯಾಗಿದೆ ಎಂದಾಗುವುದಿಲ್ಲ. ಅವನಲ್ಲಿ ನನಗೆ ಒಪ್ಪಿಗೆಯಾಗದ್ದು ಬೇರೆ: ವಾಯ್ಸ್ ಮೆಸೇಜನ್ನು ಪೂರ್ತಿ ಕೇಳುವ ಮೊದಲೇ ಅವನ ಪುಟ ತಯಾರಾಗಿತ್ತು. ಜಾಣ ಹುಡುಗ, ಮುಂದೆ ಒಳ್ಳೆಯ ಮೇಷ್ಟ್ರಾಗುತ್ತಾನೆ. ಎದುರಿಗಿರುವವರ ಮಾತು ಮುಗಿಯುವವರೆಗೆ ಕಾಯುವುದೊಂದನ್ನು ಯಾರಾದರೂ ಅವನಿಗೆ ಕಲಿಸಬೇಕು.

ಆ ದಿನದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಈ ಜಗಳಕ್ಕಿಂತ ದೊಡ್ಡದು. ಆಘಾತೋತ್ತರ ಒತ್ತಡದ ಕಾಯಿಲೆ 1980ರಲ್ಲಿ ಡಿಎಸ್‌ಎಂನ ಮೂರನೆಯ ಆವೃತ್ತಿಯಲ್ಲಿ ಜಾಗ ಪಡೆದಾಗ ಅದರ ಹಿಂದೆ ಇದ್ದವರಲ್ಲಿ ಮುಖ್ಯರಾದವರು ವಿಯೆಟ್ನಾಂ ಯುದ್ಧದಿಂದ ಅಮೆರಿಕಕ್ಕೆ ಮರಳಿದ ಸೈನಿಕರು. ಯುದ್ಧಭೂಮಿ ಸಾವಿರಾರು ಮೈಲಿ ದೂರದಲ್ಲಿ ಉಳಿದಿತ್ತು, ಮನಸ್ಸು ಮಾತ್ರ ಅಲ್ಲಿಂದ ಮರಳಿರಲಿಲ್ಲ. ಎಡ್ನಾ ಫೋವಾ ರೂಪಿಸಿದ, ಒಳ್ಳೆಯ ಫಲ ಕೊಡುವ ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಚಿಕಿತ್ಸೆಯಲ್ಲಿಯೂ ರೋಗಿ ತಾನು ದೂರವಿಡುತ್ತ ಬಂದ ಸದ್ದಿಗೆ, ಜಾಗಕ್ಕೆ, ನೆನಪಿಗೆ ಹಂತಹಂತವಾಗಿ ಎದುರಾಗಿ, ಅದರಿಂದ ಈಗ ಅಪಾಯವಿಲ್ಲ ಎಂಬುದನ್ನು ಅನುಭವದಿಂದಲೇ ಕಲಿಯಬೇಕು. ಅಪಾಯ ನಿಜವಾಗಿಯೂ ಕಳೆದಿರಬೇಕೆಂಬುದು ಇಲ್ಲಿ ಹೇಳದೆಯೇ ಇರುವ ಷರತ್ತು.

ಕೊಡಗಿನಲ್ಲಿ ಅದು ಕಳೆದದ್ದು ಯಾವಾಗ? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಇಳಿದವು. ಮರುವರ್ಷ ಆಗಸ್ಟಿನಲ್ಲಿ ವಿರಾಜಪೇಟೆ ತಾಲೂಕಿನ ತೋರ. ಅದರ ಮರುವರ್ಷ, ಮತ್ತೆ ಆಗಸ್ಟಿನಲ್ಲಿಯೇ, ತಲಕಾವೇರಿಯ ಗಜಗಿರಿ. 2024ರ ಜುಲೈ ಕೊನೆಯಲ್ಲಿ ನೆರೆಯ ವಯನಾಡಿನ ಚೂರಲ್‌ಮಲೆ, ಮುಂಡಕ್ಕೈ ಹಳ್ಳಿಗಳಿಗೆ ಏನಾಯಿತೆಂಬುದನ್ನು ಆ ತಾಯಿ ಟಿವಿಯಲ್ಲಿ ನೋಡಿಯೇ ಇರುತ್ತಾರೆ. ಇಷ್ಟರ ಮೇಲೆ, ಮನೆಯ ಹಿಂದೆ ನೆಟ್ಟಗೆ ಕಡಿದ ಬರೆಯಿರುವ ಹೆಂಗಸೊಬ್ಬಳು ಜುಲೈ ತಿಂಗಳ ರೆಡ್ ಅಲರ್ಟಿನ ರಾತ್ರಿ ನಿದ್ದೆ ಬರುವುದಿಲ್ಲ ಎಂದರೆ, ಅದರಲ್ಲಿ ಎಷ್ಟು ಪಾಲು ಕಾಯಿಲೆ, ಎಷ್ಟು ಪಾಲು ತಿಳಿವಳಿಕೆ? ‘ಅತಿಯಾದ ಎಚ್ಚರ’ ಎಂದು ನಾವು ಲಕ್ಷಣಗಳ ಪಟ್ಟಿಯಲ್ಲಿ ಗುರುತು ಹಾಕುವ ಗುಣವೇ 2018ರಲ್ಲಿ ಎಷ್ಟೋ ಮನೆಗಳವರನ್ನು ಗುಡ್ಡ ಬರುವ ಮೊದಲು ಹೊರಗೆ ತಂದಿತ್ತು. ಆ ಎಚ್ಚರವನ್ನು ಇಳಿಸುವ ಹಕ್ಕು ಬರೆಯನ್ನು ನೋಡದವರಿಗೆ ಇದೆಯೆಂದು ನನಗೆ ಅನಿಸುವುದಿಲ್ಲ.

ಹಾಗೆಂದು ಎಲ್ಲವೂ ಬರೆಯಲ್ಲಿದೆ, ಮನಸ್ಸಿನಲ್ಲಿ ಏನೂ ಇಲ್ಲ ಎಂದು ಹೇಳಿ ಮುಗಿಸಲೂ ಆಗದು. ಮಗಳು ಆಮೇಲೆ ಹೇಳಿದ ಪ್ರಕಾರ, ಕಾಫಿ ಕೊಯ್ಲಿನ ಜನವರಿಯಲ್ಲಿ, ಆಕಾಶದಲ್ಲಿ ಒಂದು ಮೋಡವೂ ಇಲ್ಲದಿದ್ದಾಗ, ತೋಟದ ರಸ್ತೆಯಲ್ಲಿ ಲಾರಿ ಏರುವ ಸದ್ದಿಗೆ ಕೂಡ ಅಮ್ಮ ಎದ್ದು ಕೂರುತ್ತಾರೆ. ಅದಕ್ಕೆ ಚಿಕಿತ್ಸೆ ಬೇಕು, ಇದೆ ಕೂಡ. ಮಳೆಗಾಲದ ಭಯವನ್ನೂ ಬೇಸಿಗೆಯ ಭಯವನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿಯಬೇಕಾದರೆ ಮೊದಲು ಅವರು ಇರುವ ಜಾಗವನ್ನು ಕೇಳಬೇಕು. ಅದು ಜಂಬೂರಿನ ಹುಡುಗನಿಗೆ ಹೊಳೆದ ಹೊಸ ವಿಚಾರವೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದೂ ಅದನ್ನೇ: ಮೊದಲು ಸುರಕ್ಷತೆಯನ್ನು ನೋಡು, ಆಮೇಲೆ ಕೇಳಿಸಿಕೊ, ಬೇಕಾದವರೊಡನೆ ಜೋಡಿಸು. ಆ ಅಧ್ಯಾಯ ನಮ್ಮ ಬಳಗದ ಟಿಪ್ಪಣಿಗಳಲ್ಲಿ ಇದೆ, ಪರೀಕ್ಷೆಗೆ ಬರುವುದಿಲ್ಲವೆಂದು ಯಾರೂ ತೆರೆದಿರಲಿಲ್ಲ.

ಅವನಿಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ನಾನು ಫೋನಿನಲ್ಲಿ ಕೇಳಿದೆ. ಅವರ ಮನೆ ಮೊದಲು ಜಂಬೂರಿನಲ್ಲಿರಲಿಲ್ಲ. ಆ ವರ್ಷ ಮನೆ ಕಳೆದುಕೊಂಡವರಿಗೆ ಸರ್ಕಾರ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಬಡಾವಣೆ ಮಾಡಿಕೊಟ್ಟಾಗ ಇವರಿಗೂ ಒಂದು ಮನೆ ಸಿಕ್ಕಿತ್ತು. ಅವನಾಗ ಹೈಸ್ಕೂಲಿನಲ್ಲಿದ್ದ. ಬೆಳಗಿನ ಜಾವ ಹಿಂದಿನ ತೋಡಿನ ನೀರು ಕೆಂಪಗಾದುದನ್ನು ಅಜ್ಜಿ ನೋಡಿ, ಹಸುಗಳ ಹಗ್ಗ ಬಿಚ್ಚಿಸಿ, ಎಲ್ಲರನ್ನೂ ಹೊರಡಿಸಿದ್ದರಂತೆ. ಇಷ್ಟನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಾ, ಆಂಟಿ ದಿನಾ ರಾತ್ರಿ ನೀರಿನ ಫೋಟೊ ಕಳಿಸ್ತಾರೆ. ಅದು ಬರೋವರೆಗೆ ನಾನೂ ಮಲಗೋದಿಲ್ಲ. ಬಂದ ಮೇಲೂ ನಿದ್ದೆ ಬರೋದಿಲ್ಲ” ಎಂದ. ಮನಃಶಾಸ್ತ್ರ ಓದುವ ನೂರು ಮಂದಿಯಲ್ಲಿ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದವನೆಂದು ಹೊಗಳಿ ಸುಮ್ಮನಾಗಿದ್ದೆವು.

ಅವನು ಯಾರೊಡನೆ ಮಾತಾಡಬೇಕೆಂಬುದನ್ನು ನಮ್ಮ ಮೇಡಂ ಒಬ್ಬರು ಈಗ ನೋಡಿಕೊಳ್ಳುತ್ತಿದ್ದಾರೆ, ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಫೋಟೊ ನೋಡುವ ಕೆಲಸವನ್ನು ಬಳಗದಲ್ಲಿ ಸರದಿಯ ಮೇಲೆ ಹಂಚಿಕೊಂಡೆವು. ಮೊದಲ ಸರದಿಗೆ ಹೆಸರು ಕೊಟ್ಟವನು, ನಾನು ನಿರೀಕ್ಷಿಸಿಯೇ ಇರಲಿಲ್ಲ, ಚಾಮರಾಜನಗರದವನು.

“ನಿಮ್ಮೂರಲ್ಲಿ ಬರೆ ಉಂಟಾ ಮಗ?” ಎಂದು ಆ ತಾಯಿ ಅವನನ್ನು ಕೇಳಿದರಂತೆ. ಇಲ್ಲವೆಂದದ್ದಕ್ಕೆ, “ಹಾಗಾದ್ರೆ ಸ್ವಲ್ಪ ಕೂತ್ಕೊ, ಹೇಳ್ತೇನೆ” ಎಂದು ಶುರು ಮಾಡಿದವರು ಮುಗಿಸುವಾಗ ಬಹಳ ಹೊತ್ತಾಗಿತ್ತಂತೆ. ಬರೆ ಕಡಿದದ್ದು ಯಾವಾಗ, ಅದರ ಮೇಲಿನ ಸಿಲ್ವರ್ ಓಕ್ ಮರ ಯಾವ ಕಡೆಗೆ ವಾಲಿದೆ, ಹಿಂದಿನ ಬಾಗಿಲು ಈ ಮಳೆಯಲ್ಲಿ ಹೇಗೆ ಬಿಗಿಯಾಗಿದೆ, ಎಲ್ಲವನ್ನೂ ಹೇಳಿದ್ದಾರೆ. ರಾತ್ರಿ ಹನ್ನೊಂದರ ಮೇಲೆ ಅವನು ನನಗೆ ಕರೆ ಮಾಡಿ, “ಬರೆಯ ತಲೆಯ ಹತ್ತಿರ ಬೆರಳು ಹೋಗುವಷ್ಟು ಬಿರುಕಿದೆಯಂತೆ. ಮಗಳು ಹೆದರುತ್ತಾಳೆಂದು ಇಷ್ಟು ದಿನ ಹೇಳಿರಲಿಲ್ಲವಂತೆ. ಇದನ್ನು ಯಾರಿಗೆ ತಿಳಿಸಬೇಕು?” ಎಂದು ಕೇಳಿದ. ಅವನು ಫೋನಿನಲ್ಲಿ ಇರುವಂತೆಯೇ ನಾನು ಗೆಳತಿಯ ಫೋನಿನಿಂದ ಜಿಲ್ಲಾ ವಿಪತ್ತು ನಿರ್ವಹಣೆಯ 1077ಕ್ಕೆ ಕರೆ ಮಾಡಿದೆ. ಬೆಳಿಗ್ಗೆ ಪಂಚಾಯಿತಿಯವರು ಬಂದು ಬಿರುಕನ್ನು ನೋಡಿ, ಮಳೆ ನಿಲ್ಲುವವರೆಗೆ ಮನೆಯಲ್ಲಿ ಇರಬೇಡಿ ಎಂದಿದ್ದಾರೆ. ಅವರೀಗ ಸುಂಟಿಕೊಪ್ಪದ ತಂಗಿಯ ಮನೆಯಲ್ಲಿದ್ದಾರೆ. ಕೋಳಿಗಳಿಗೆ ತೌಡು ಹಾಕುವವರಿಲ್ಲವೆಂಬುದು ಸದ್ಯಕ್ಕೆ ಅವರ ದೊಡ್ಡ ಚಿಂತೆ.