ಕಂಬಿಯ ಪಕ್ಕ ನಿಂತು ಎಣಿಸಿದ ದಿನ

ಕಳೆದ ಜನವರಿಯ ಒಂದು ಭಾನುವಾರ, ಮೈಸೂರಿನ ನಮ್ಮ ಬಡಾವಣೆಯ ಹುಡುಗರು ಸೇರಿ ಪುಟ್ಟದೊಂದು ಕ್ಯಾಲಿಸ್ಥೆನಿಕ್ಸ್, ಅಂದರೆ ಮೈಭಾರವನ್ನೇ ಬಳಸಿ ಮಾಡುವ ಕಸರತ್ತಿನ, ಸ್ಪರ್ಧೆ ಏರ್ಪಡಿಸಿದ್ದರು. ಕಂಬಿಗೆ ಜೋತುಬಿದ್ದು ಮೈಯನ್ನು ಮೇಲೆಳೆಯುವ ಪುಲ್-ಅಪ್ ಎಣಿಸುವ ಕೆಲಸ ನನಗೆ ಬಂತು. ಸಂತೋಷದಿಂದ ಒಪ್ಪಿಕೊಂಡೆ. ಈ ಆಟದಲ್ಲಿ ಎಣಿಸುವವನ ಹೊಣೆ ಸಣ್ಣದಲ್ಲ.

ಭಾರ ಎತ್ತುವ ಸ್ಪರ್ಧೆಯಲ್ಲಿ ತೂಕವನ್ನು ಕಬ್ಬಿಣದ ತಟ್ಟೆಯ ಮೇಲೇ ಬರೆದಿರುತ್ತದೆ. ಓಟಕ್ಕೆ ಗಡಿಯಾರವಿದೆ. ಇಲ್ಲಿ ಎತ್ತಬೇಕಾದದ್ದು ಅವರವರ ಮೈಯನ್ನೇ. ಹಾಗಾಗಿ ಚಲನೆ ಪೂರ್ತಿಯಾಯಿತೇ ಇಲ್ಲವೇ ಎಂಬುದೊಂದೇ ಅಳತೆಗೋಲು. ಕೆಳಗೆ ಬಂದಾಗ ಮೊಣಕೈ ನೇರವಾಗಬೇಕು, ಮೇಲೆ ಹೋದಾಗ ಗಲ್ಲ ಕಂಬಿಯನ್ನು ದಾಟಬೇಕು, ಕಾಲು ಬೀಸಿ ವೇಗ ಗಳಿಸಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಅದು ಲೆಕ್ಕಕ್ಕಿಲ್ಲ. ತೋಳು ಪೂರ್ತಿ ಚಾಚಿ ಜೋತುಬಿದ್ದ ಸ್ಥಿತಿಯಿಂದ ಮೈಯನ್ನು ಎಬ್ಬಿಸುವುದೇ ಪುಲ್-ಅಪ್‌ನ ಕಷ್ಟದ ಭಾಗ. ಮೊದಲು ಹೆಗಲ ಮೂಳೆಗಳು ಕೆಳಕ್ಕೆ ಸರಿದು ಬಿಗಿಯಾಗಬೇಕು, ಆಮೇಲೆ ಬೆನ್ನು ಎಳೆಯಬೇಕು. ಮೊಣಕೈ ಮಡಚಿಕೊಂಡೇ ಇದ್ದರೆ ಈ ಭಾಗವೇ ತಪ್ಪಿಹೋಗುತ್ತದೆ.

ನನಗೆ ಈ ಶಿಸ್ತು ಬಂದದ್ದು ಗರಡಿಮನೆಯಿಂದ. ಬಾಲ್ಯದಲ್ಲಿ ಸೋದರಮಾವ ದಂಡ ಹೊಡೆಸುತ್ತಿದ್ದರು. ಸೊಂಟ ಮೇಲೆತ್ತಿ ನಿಂತು, ಎದೆಯನ್ನು ಮಣ್ಣಿಗೆ ಸವರುವಷ್ಟು ಕೆಳಗಿಳಿಸಿ, ಮುಂದಕ್ಕೆ ಜಾರಿ ತಲೆಯೆತ್ತಬೇಕು. ಎದೆ ಅಂಗೈಯಗಲ ಮೇಲೇ ಉಳಿದರೆ "ಮತ್ತೆ ಹೊಡಿ" ಎನ್ನುವರು, ಅಷ್ಟೇ. ಬಯಲಿನಲ್ಲಿ ಕಂಬಿ ನೆಟ್ಟು ಕಸರತ್ತು ಮಾಡುವ ಪದ್ಧತಿಗೂ ದೊಡ್ಡ ಚರಿತ್ರೆಯಿದೆ. ಜರ್ಮನಿಯ ವ್ಯಾಯಾಮ ಶಿಕ್ಷಕ ಫ್ರೀಡ್ರಿಕ್ ಲುಡ್ವಿಗ್ ಯಾನ್ ಬರ್ಲಿನ್ನಿನ ಹಾಸೆನ್‌ಹೈಡೆಯಲ್ಲಿ ಬಯಲು ವ್ಯಾಯಾಮ ಶಾಲೆ ತೆರೆದದ್ದು 1811ರಲ್ಲಿ. ಈಗಿನ ಹುಡುಗರು ಮೊಬೈಲಿನಲ್ಲಿ ನೋಡಿ ಕಲಿಯುವ, ಬೀದಿ-ಪಾರ್ಕುಗಳ ಕಂಬಿಗಳ ಮೇಲಿನ ಕಸರತ್ತಾದ ಸ್ಟ್ರೀಟ್ ವರ್ಕೌಟ್‌ಗೆ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದು ಮಾತ್ರ ತೀರ ಈಚೆಗೆ, 2011ರಲ್ಲಿ, ಲಾಟ್ವಿಯಾದ ರೀಗಾ ನಗರದಲ್ಲಿ. ಕಂಬಿಯ ಮೇಲೆ ಹಾರಿ ತಿರುಗುವ ಚಮತ್ಕಾರಗಳು ನನಗೂ ಇಷ್ಟವೇ. ಆದರೆ ಅವುಗಳ ಬುಡದಲ್ಲಿ ಒಂದು ನೆಟ್ಟಗಿನ ಪುಲ್-ಅಪ್ ಇಲ್ಲದಿದ್ದರೆ ಹೆಗಲು ಬಹಳ ಕಾಲ ತಾಳುವುದಿಲ್ಲ.

ಹುಡುಗರ ಸರದಿ ಬೇಗ ಮುಗಿಯಿತು. ಹುಡುಗಿಯರ ವಿಭಾಗದಲ್ಲಿ ಇದ್ದವರೇ ಬೆರಳೆಣಿಕೆಯಷ್ಟು. ನಂಜನಗೂಡಿನಿಂದ ತಂದೆಯ ಜೊತೆ ಬಂದಿದ್ದ, ಹೈಸ್ಕೂಲಿನ ಹುಡುಗಿಯೊಬ್ಬಳು ಕಂಬಿ ಹಿಡಿದಳು. ಮೊದಲ ಐದು ನೋಡುವುದಕ್ಕೇ ಚೆಂದ. ಕಾಲು ಅಲುಗಲಿಲ್ಲ, ಇಳಿಯುವಾಗಲೂ ಅವಸರವಿಲ್ಲ. ಆರನೆಯದಕ್ಕೆ ಮೊಣಕೈ ಪೂರ್ತಿ ಬಿಚ್ಚುವ ಮೊದಲೇ ಮತ್ತೆ ಮೇಲೆದ್ದಳು. "ಲೆಕ್ಕಕ್ಕಿಲ್ಲ, ಐದು" ಎಂದೆ. ಮತ್ತೊಂದು, ಮಗದೊಂದು, ಎಲ್ಲವೂ ಹಾಗೆಯೇ. ಪ್ರತಿ ಬಾರಿಯೂ "ಐದು" ಎನ್ನುತ್ತಾ ಹೋದೆ. ಸುತ್ತ ನಿಂತವರು ಚಪ್ಪಾಳೆ ತಟ್ಟಿ ಹುರಿದುಂಬಿಸುತ್ತಿರುವಾಗ ಹಾಗೆ ಹೇಳುವುದು ಸುಲಭವಲ್ಲ. ಆದರೂ ಅವಳಿಗೆ ಬಿಟ್ಟುಕೊಟ್ಟಿದ್ದರೆ ಅವಳ ಆ ಮೊದಲ ಐದಕ್ಕೇ ನಾನು ಅವಮಾನ ಮಾಡಿದಂತಾಗುತ್ತಿತ್ತು.

ಅವಳು ಕೆಳಗಿಳಿಯುತ್ತಲೇ ತಂದೆ ಬಂದರು. "ಏನು ಸಾರ್, ಒಂಬತ್ತು ಮಾಡಿದ್ದಾಳೆ, ನೀವು ಐದು ಎನ್ನುತ್ತೀರಲ್ಲ?" ನಾನು ಉತ್ತರಿಸುವ ಮೊದಲೇ ಹುಡುಗಿ ಕೇಳಿದಳು: "ಎಲ್ಲಿ ತಪ್ಪಿತು, ತೋರಿಸುತ್ತೀರಾ ಸಾರ್?" ಆಯೋಜಕರ ಹುಡುಗನೊಬ್ಬ ಮೊಬೈಲಿನಲ್ಲಿ ಚಿತ್ರೀಕರಿಸಿದ್ದ. ನಿಧಾನವಾಗಿ ಓಡಿಸಿ ನೋಡಿದೆವು. ಐದರವರೆಗೆ ತೋಳು ದಾರದಂತೆ ನೇರ, ಆರರಿಂದ ಮೊಣಕೈಯಲ್ಲಿ ಸಣ್ಣ ಬಾಗು. ಅವಳು ತಲೆಯಾಡಿಸಿದಳು. ಆದರೆ ಬೆನ್ನಿನಲ್ಲಿ ಇನ್ನೂ ಶಕ್ತಿಯಿತ್ತು ಎಂದಳು.

"ಕೈ ತೋರಿಸಮ್ಮ" ಎಂದೆ. ಅಂಗೈಯಲ್ಲಿ ಬೆರಳುಗಳ ಬುಡದ ದಡ್ಡು ಕೆಂಪೇರಿತ್ತು, ಉಂಗುರ ಬೆರಳಿನ ಕೆಳಗೆ ಚರ್ಮ ಕಿತ್ತು ಬರುವಂತಿತ್ತು. ಮತ್ತೊಮ್ಮೆ ಕಂಬಿ ಹಿಡಿಯಲು ಹೇಳಿದೆ. ಹೆಬ್ಬೆರಳು ತೋರುಬೆರಳನ್ನು ಮುಟ್ಟಲೇ ಇಲ್ಲ. ನಮ್ಮವರು ವೆಲ್ಡ್ ಮಾಡಿಸಿದ್ದು ಒಂದೂವರೆ ಇಂಚಿನ ಪೈಪು, ಹೊರಗಿನಿಂದ ಅಳೆದರೆ 48 ಮಿಲಿಮೀಟರು. ಜಿಮ್ನಾಸ್ಟಿಕ್ಸ್‌ನ ಗಂಡಸರ ವಿಭಾಗದ ಎತ್ತರದ ಕಂಬಿಯ ದಪ್ಪ 28 ಮಿಲಿಮೀಟರು. ಹಿಡಿತ ಜಾರುತ್ತಿದ್ದರೆ ಪೂರ್ತಿ ಜೋತುಬೀಳಲು ಯಾರಿಗೂ ಧೈರ್ಯ ಬರುವುದಿಲ್ಲ. ಮೈ ತಾನೇ ಮೊಣಕೈ ಮಡಚಿಕೊಂಡು ಕಾಪಾಡಿಕೊಳ್ಳುತ್ತದೆ. ಅವಳಿಗೆ ಕೈಕೊಟ್ಟದ್ದು ಬೆನ್ನಲ್ಲ, ಬೆರಳುಗಳು.

ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಸುಮ್ಮನೆ ಜೋತುಬೀಳುವುದನ್ನು ಅಭ್ಯಾಸ ಮಾಡು. ಹೆಗಲು ಬಿಗಿ ಹಿಡಿದು ಜೋತುಬೀಳುವುದನ್ನೂ ಸೇರಿಸಿಕೊ. ಕೊನೆಗೆ ಮೇಲಿನಿಂದ ನಿಧಾನವಾಗಿ ಇಳಿ. ದಡ್ಡನ್ನು ಸ್ನಾನದ ನಂತರ ಕಲ್ಲಿನಿಂದ ಉಜ್ಜಿ ಸಮ ಮಾಡಿಕೊ, ಎದ್ದು ನಿಂತ ದಡ್ಡೇ ಹರಿಯುವುದು. ಸ್ನಾಯು ಬಲಿತಷ್ಟು ಬೇಗ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಬಲಿಯುವುದಿಲ್ಲ, ಆದ್ದರಿಂದ ಮೊಣಕೈ ಒಳಬದಿ ನೋಯತೊಡಗಿದರೆ ಕೆಲವು ದಿನ ಕಡಿಮೆ ಮಾಡು.

ಫಲಿತಾಂಶದ ಹಾಳೆಯಲ್ಲಿ ಐದೇ ಉಳಿಯಿತು, ಬಹುಮಾನ ಬೇರೆಯವಳಿಗೆ ಹೋಯಿತು. ಮುಂದಿನ ಸಲ ಹುಡುಗಿಯರಿಗೆ ತೆಳುವಾದ ಕಂಬಿ ಇರಲೇಬೇಕೆಂದು ಆಯೋಜಕರ ಬಳಿ ಹಠ ಹಿಡಿದೆ, ಒಪ್ಪಿದ್ದಾರೆ. ಹೊರಡುವ ಮುನ್ನ ಆ ತಂದೆ ಮತ್ತೆ ಬಂದರು. ಮನೆಯ ಹಿತ್ತಲಿನಲ್ಲಿ ಕಂಬಿ ಹಾಕಿಸಬೇಕಂತೆ, ಯಾವ ಪೈಪು ಕೇಳಬೇಕು ಎಂದರು. "ಮುಕ್ಕಾಲು ಇಂಚಿನ ಜಿಐ ಪೈಪು, ದಪ್ಪ ಗೋಡೆಯದು ಕೇಳಿ. ಹೊರ ಅಳತೆ ಸುಮಾರು 27 ಮಿಲಿಮೀಟರು ಬರುತ್ತದೆ. ಮೂರು ಅಡಿಗಿಂತ ಉದ್ದ ಬೇಡ, ಬಾಗುತ್ತದೆ" ಎಂದೆ. ಅವರು ಮೊಬೈಲಿನಲ್ಲಿ ಬರೆದುಕೊಂಡು, ಎತ್ತರ ಎಷ್ಟಿರಬೇಕೆಂದು ಮಗಳನ್ನು ಕರೆದು ಕೈ ಮೇಲೆತ್ತಿಸಿ ಅಳೆಯತೊಡಗಿದರು.