ಗ್ಯಾರೇಜಿನಲ್ಲಿ ಮಾತ್ರ ಸರಿಯಿರುವ ಕಾರು

ಶನಿವಾರ, 12 ಜುಲೈ 2025
ವಾರಜೆ, ಪುಣೆ

ಇವತ್ತೂ ಅದೇ ಕಥೆ. ರಸ್ತೆಯಲ್ಲಿ ಓಡುತ್ತಿರುವಾಗಲೇ ಆಫ್ ಆಗುವ ಕಾರು ಗ್ಯಾರೇಜಿನಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹುಡುಗ ತುಂಬಾ ಹೊತ್ತು ಚಾಲೂ ಇಟ್ಟು ನೋಡಿದ, ಸ್ಕ್ಯಾನರ್ ಹಚ್ಚಿ ನೋಡಿದ, ಏನೂ ಸಿಗಲಿಲ್ಲ. "ಅಕ್ಕಾರ, ಬಂದ್ ಬಿದ್ದಾಗ ನನ್ ಮುಂದ ಇರಬೇಕ್ರಿ ಇದು. ಇಲ್ಲಿ ಬಂದ್ರ ಏನೂ ಆಗಂಗಿಲ್ಲ" ಅಂದ.

ಇಂಡಿ ಕಡೆಯ ಹುಡುಗ. ನಾವು ಧಾರವಾಡದವರು ಅಂತ ಗೊತ್ತಾದ ದಿನದಿಂದ ನನ್ನ ಹತ್ತಿರ ಮರಾಠಿ ಬಿಟ್ಟು ಕನ್ನಡದಲ್ಲೇ ಮಾತು. ಅವನ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಕಿಡಿ ಕೊಡುವ ಕಾಯಿಲ್ ಬದಲಿಸಿದ, ಎಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪಿನ ರಿಲೇ ಸ್ವಿಚ್ ಬದಲಿಸಿದ, ಆಮೇಲೆ ಬಿಡಿಭಾಗ ಸಿಗುವ 'ನಾನಾ ಪೇಟ್' ಬಜಾರಿಗೆ ಹೋಗಿ ಅಂಗಡಿ ಅಂಗಡಿ ಸುತ್ತಿ ಕ್ರ್ಯಾಂಕ್ ಸೆನ್ಸರ್ ತಂದು ಹಾಕಿದ. ಎಂಜಿನ್ ತಿರುಗುತ್ತಿದೆ ಅಂತ ಕಾರಿನ ಕಂಪ್ಯೂಟರಿಗೆ ತಿಳಿಸುವುದೇ ಆ ಸೆನ್ಸರ್. ಬಿಸಿಗೆ ಅದು ಕೈಕೊಟ್ಟರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ, ಓಡುತ್ತಿರುವ ಗಾಡಿ ಹಾಗೇ ಆಫ್. ತಣ್ಣಗಾದ ಮೇಲೆ ಏನೂ ಆಗದವರ ಹಾಗೆ ಮತ್ತೆ ಚಾಲೂ. ನಮ್ಮ ಕಾರಿನ ಲಕ್ಷಣ ಥೇಟ್ ಇದೇ. ಆದರೆ ಹೊಸದು ಹಾಕಿದ ಮೇಲೂ ನಿಂತಿತಲ್ಲ! ಇನ್ನು ಉಳಿದಿದ್ದು ವೈರಿಂಗ್, ಇಲ್ಲಾಂದ್ರೆ ಆ ಕಂಪ್ಯೂಟರೇ. ವೈರಿಂಗ್ ನೋಡಬೇಕೆಂದರೆ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕಂತೆ.

"ಮಾಡ್ತೀನ್ರಿ, ಆದ್ರ ಗ್ಯಾರಂಟಿ ಕೊಡಂಗಿಲ್ಲ. ನಿಮ್ ರೊಕ್ಕ ಸುಮ್ನ ಹಾಳಾಗಬಾರದು ನೋಡ್ರಿ."

ಹೀಗೆ ಮುಖಕ್ಕೆ ಮುಖ ಕೊಟ್ಟು ಹೇಳುವವರು ಎಷ್ಟು ಜನ ಸಿಗುತ್ತಾರೆ?

ನಮ್ಮ ಮನೆಯವರಿಗೆ ಎಲ್ಲದಕ್ಕೂ ಲೆಕ್ಕ ಬೇಕು. ರಾತ್ರಿ ಕಾಗದ ಹಿಡಿದು ಕೂತರು. ನವೆಂಬರ್‌ಗೆ ಕಾರಿಗೆ 15 ವರ್ಷ ತುಂಬುತ್ತದೆ, ಆರ್‌ಸಿ ಮುಗಿಯುತ್ತದೆ. ಮತ್ತೆ 5 ವರ್ಷಕ್ಕೆ ನೋಂದಣಿ ಮಾಡಿಸಬೇಕು. ಅದರ ಫೀ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000. ಮೇಲೆ ಪರಿಸರ ತೆರಿಗೆ, ಫಿಟ್‌ನೆಸ್ ತಪಾಸಣೆ. ಆ ಹೊಸ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಬೇರೆ ಹಾಕಿಸಿಲ್ಲ, 2019ರ ಏಪ್ರಿಲ್‌ಗಿಂತ ಹಳೇ ಗಾಡಿಗಳಿಗೆಲ್ಲ ಅದು ಕಡ್ಡಾಯ. ಎಲ್ಲ ಕೂಡಿಸಿ "ಇಷ್ಟು ಹಾಕಿದರೂ ಹೊಸ ಕಾರಿಗಿಂತ ಅಗ್ಗವೇ ಅಲ್ವಾ?" ಅಂದರು. ಲೆಕ್ಕ ಸರಿಯೇ ಇದೆ. ಆದರೆ ಆ ಕಾಗದದಲ್ಲಿ ನವಲೆ ಬ್ರಿಜ್ ಇಲ್ಲ.

ಮೊನ್ನೆ ಅಮ್ಮನನ್ನು ಕರೆದುಕೊಂಡು ಊರಿಂದ ವಾಪಸ್ ಬರುವಾಗ ಆದದ್ದನ್ನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಖಂಬಾಟಕಿ ಸುರಂಗ ದಾಟಿದ್ದಾಯಿತು, ಖೇಡ್ ಶಿವಾಪುರದ ಟೋಲ್ ದಾಟಿದ್ದಾಯಿತು, ಕಾತ್ರಜ್‌ನ ಹೊಸ ಸುರಂಗವನ್ನೂ ದಾಟಿ ನವಲೆ ಬ್ರಿಜ್ ಕಡೆಗಿನ ಇಳಿಜಾರಿಗೆ ಬಿದ್ದೆವು. ಮಳೆ. ಅಲ್ಲಿ ಎಂಜಿನ್ ನಿಂತಿತು. ಎಂಜಿನ್ ನಿಂತರೆ ಕಾರು ನಿಲ್ಲುವುದಿಲ್ಲ, ಅದೇ ಭಯ. ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಬ್ರೇಕ್ ಮೊದಲ ಸಲ ಒತ್ತಿದಾಗ ಹಿಡಿಯಿತು, ಇನ್ನೆರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಗಟ್ಟಿ. ಬ್ರೇಕಿಗೆ ಬಲ ಕೂಡಿಸುವ ಬೂಸ್ಟರ್‌ನಲ್ಲಿ ಉಳಿದ ಗಾಳಿಯ ಎಳೆತ ಖಾಲಿಯಾದರೆ ಇಂಥ ಕಾರುಗಳಲ್ಲೆಲ್ಲ ಹಾಗೇ, ಪೂರ್ತಿ ಕಾಲಿನ ಬಲದ ಮೇಲೆಯೇ ನಿಲ್ಲಿಸಬೇಕು. ಎರಡೂ ಕಾಲು ಕೊಟ್ಟು ಒತ್ತಿದೆ. ಹಿಂದೆ ಲಾರಿಗಳ ಸಾಲು. 2022ರ ನವೆಂಬರ್‌ನಲ್ಲಿ ಇದೇ ಇಳಿಜಾರಿನಲ್ಲಿ ಒಂದೇ ಲಾರಿಯಿಂದ ಹತ್ತಾರು ಗಾಡಿ ಜಜ್ಜಿಹೋಗಿದ್ದವು, ಪುಣೆಯಲ್ಲಿ ಅದನ್ನು ಮರೆತವರಿಲ್ಲ. ಎಡಕ್ಕೆ ಹೇಗೋ ಎಳೆದುಕೊಂಡು ಬಂದು ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಅಮ್ಮನನ್ನು ಇಳಿಸಿ ಬೇಲಿಯ ಆಚೆ ನಿಲ್ಲಿಸಿದೆ.

ಅಮ್ಮ ಏನೂ ಅನ್ನಲಿಲ್ಲ. ಮನೆಗೆ ಬಂದು ಚಹಾ ಕುಡಿದು, "ಮುಂದಿನ ಸಲ ನಾ ಬಸ್ಸಿಗೇ ಬರ್ತೀನಿ, ನೀ ಯಾಕ ತ್ರಾಸ ತಗೋತಿ" ಅಂದಳು, ಅಷ್ಟೇ. ಆ ಮಂಡಿನೋವಿನಲ್ಲಿ ಧಾರವಾಡದಿಂದ ಬಸ್ಸಿಗೆ!

ಅವತ್ತಿಂದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ರಿಪೇರಿ ಖರ್ಚು ಜಾಸ್ತಿ ಆಯಿತು ಅಂತ ಕಾರು ಬಿಡಬೇಕಾಗಿಲ್ಲ, ಖರ್ಚು ಎಲ್ಲ ಕಾರಿಗೂ ಇದೆ. ಆದರೆ ಈಗ ನಾನು ಹೊರಡುವ ಮುಂಚೆ ರಸ್ತೆಯಲ್ಲಿ ನಿಲ್ಲಿಸಲು ಜಾಗ ಎಲ್ಲೆಲ್ಲಿದೆ ಅಂತ ಯೋಚಿಸುತ್ತೇನೆ. ಚಾಂದನಿ ಚೌಕದ ಫ್ಲೈಓವರ್ ತಪ್ಪಿಸಿ ಸುತ್ತು ಹಾಕುತ್ತೇನೆ. ರಾತ್ರಿ ಅಮ್ಮನಿಗೆ ಏನಾದರೂ ಆದರೆ ಮೊದಲು ರಿಕ್ಷಾ ನೆನಪಾಗುತ್ತದೆ, ಬಾಗಿಲಲ್ಲೇ ನಿಂತಿರುವ ಕಾರಲ್ಲ. ಇಷ್ಟಾದ ಮೇಲೆ ಅದು ಇದ್ದೂ ಇಲ್ಲದ ಹಾಗೇ ತಾನೇ?

ಬೇಜಾರಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಈ ಊರಲ್ಲಿ ನನಗೆ ಕಾಲು ಬಂದಿದ್ದೇ ಈ ಕಾರಿನಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಸ್ವಾರಗೇಟ್‌ಗೆ ಹೋಗಲೂ ಇವರನ್ನೇ ಕಾಯುತ್ತಿದ್ದೆ. ಕಾರು ಕಲಿತ ಮೇಲೆ ಗಣೇಶನಗರದ ಕನ್ನಡ ಸಂಘಕ್ಕೆ ಒಬ್ಬಳೇ, ಊರಿಗೂ ಒಬ್ಬಳೇ. ಮಗಳು ಹಿಂದಿನ ಸೀಟಿನಲ್ಲಿ ಅಂಟಿಸಿದ ನವಿಲಿನ ಸ್ಟಿಕರ್ ಇನ್ನೂ ಇದೆ, ಬಣ್ಣ ಪೂರ್ತಿ ಹೋಗಿ ಬರೀ ಬಿಳಿ ಗೆರೆ ಉಳಿದಿದೆ.

ಸರಿ, ಬಿಡೋಣ ಅಂದರೆ ಯಾರಿಗೆ ಕೊಡುವುದು? ಪಕ್ಕದ ಬಿಲ್ಡಿಂಗಿನ ವಾಚ್‌ಮನ್ನನ ತಮ್ಮ ಕೇಳುತ್ತಿದ್ದಾನೆ. ಎರಡು ಸಣ್ಣ ಮಕ್ಕಳು, ಪ್ರತಿ ತಿಂಗಳು ಸಾತಾರಾ ಹತ್ತಿರದ ಹಳ್ಳಿಗೆ ಹೋಗಬೇಕಂತೆ. ವಾಪಸ್ ಬರುವುದು ಅದೇ ಸುರಂಗ, ಅದೇ ಇಳಿಜಾರು. ಇವರು "ಗಾಡಿ ಓಡಿಸಿ ನೋಡಿ ತಗೋತಾನೆ, ನಾವೇನು ಮುಚ್ಚಿಡ್ತಿಲ್ಲ" ಅನ್ನುತ್ತಾರೆ. ಓಡಿಸಿ ನೋಡಿದರೆ ಚೆನ್ನಾಗಿಯೇ ಓಡುತ್ತದಲ್ಲ! ಅದೇ ತಾನೇ ಇದರ ರೋಗ. ಗುಜರಿ ಕೇಂದ್ರಕ್ಕೆ ಕೊಟ್ಟರೆ ತೂಕದ ದುಡ್ಡು, ಒಂದು ಸರ್ಟಿಫಿಕೇಟ್, ಅದರ ಮೇಲೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿ. ತುಂಬಾ ಕಮ್ಮಿ ಬರುತ್ತದೆ, ಗೊತ್ತು. ಆದರೂ ನನ್ನ ಮನಸ್ಸು ಆ ಕಡೆಗೇ ಇದೆ.

ನಾಳೆ ಬೆಳಿಗ್ಗೆ ಆ ವಾಚ್‌ಮನ್ನನ ತಮ್ಮ ನೋಡಲು ಬರುತ್ತಾನಂತೆ. ಬೆಲೆ ಮಾತಾಡುವ ಮುಂಚೆ ನಾನೇ ಎಲ್ಲ ಹೇಳಿಬಿಡುತ್ತೇನೆ, ಸ್ಟೀರಿಂಗ್ ಬಿಗಿಯಾಗಿದ್ದನ್ನೂ ಸೇರಿಸಿ. ಅದನ್ನು ಕೇಳಿಯೂ ಅವನು ಬೇಕು ಅಂದರೆ ಏನು ಮಾಡುವುದು, ಅದೇ ಗೊತ್ತಾಗುತ್ತಿಲ್ಲ.